ಮಡಚಿದ ಕಿವಿ

ಹಲ್ ಬಂದರಿನಿಂದ ಫೋನು. ಸಿನಗಾಗಿನ ಪಾರುಪತ್ಯಗಾರ
ಜೂಡಾ ರಿಂಟೆಲ್: "ಕಟ್ಟಡ ಮಾರಿಯಾಯಿತು.
ಗರಡಿಮನೆ ಆಗುತ್ತದಂತೆ, ಕನ್ನಡಿಗಳೂ ಬಂದಿವೆ.
ಪುಸ್ತಕಗಳಿಗೆ ಗುರುವಾರ ಮಣ್ಣು.
ಬರುವುದಾದರೆ ಬುಧವಾರ ಬನ್ನಿ,
ಬುತ್ತಿ ಕಟ್ಟಿಕೊಂಡು ಬನ್ನಿ,
ನಾವು ತಿನ್ನುವಂಥದ್ದು ಈ ಊರಲ್ಲಿ ಈಗ ಸಿಗುವುದಿಲ್ಲ."

ದೇವರ ಹೆಸರಿರುವ ಕಾಗದ ನಾವು ಸುಡುವುದಿಲ್ಲ,
ರದ್ದಿಗೆ ಹಾಕುವುದಿಲ್ಲ.
ಹರಿದು ಹಣ್ಣಾದ ಮೇಲೆ ಹೂಳುತ್ತೇವೆ,
ಮನುಷ್ಯರ ಮಗ್ಗುಲಲ್ಲೇ.
ಅಂದರೆ ನಲವತ್ತು ವರ್ಷದಿಂದ ನಾನು
ಒಂದು ಬಗೆಯ ಗೋರಿಗಳ್ಳ.
ಎಸ್ಟೆಲ್ ಹಾಗೇ ಕರೆಯುತ್ತಿದ್ದಳು, ನಗುತ್ತ;
ಪೆಟ್ಟಿಗೆಗಳು ಮಹಡಿ ಮೆಟ್ಟಿಲಿಗೂ ಹತ್ತಿದ ಮೇಲೆ
ನಗದೆ.

ಹನ್ನೊಂದು ಟೀ ಪೆಟ್ಟಿಗೆ. ಹೀಟರಿಲ್ಲದ ಕೋಣೆ.
ಕೋಟು ಬಿಚ್ಚದೆ ಮಂಡಿಯೂರಿದೆ.

ಬಲಪುಟ ಹೀಬ್ರೂ, ಎಡಪುಟ ಇಂಗ್ಲಿಷು.
ಬಲದ್ದು ಬೆರಳ ಜಿಡ್ಡಿಗೆ ಕಪ್ಪಾಗಿದ್ದರೆ
ಓದಿದವನು ಹಡಗಿನಿಂದ ಇಳಿದವನು.
ಎಡದ್ದು ಸವೆದಿದ್ದರೆ ಅವನ ಮಗ.
ಎರಡೂ ಬೆಳ್ಳಗಿದ್ದರೆ ಮೊಮ್ಮಗ:
ಹದಿಮೂರು ತುಂಬಿದ್ದಕ್ಕೆ ಬಹುಮಾನ,
ರಟ್ಟಿನ ಮೇಲೆ ಹೆಸರು ಚಿನ್ನದಲ್ಲಿ,
ಹಾಳೆಗೆ ಹಾಳೆ ಇನ್ನೂ ಅಂಟಿಕೊಂಡೇ ಇದೆ.

ದೊರೆಯನ್ನು ಕಾಪಾಡು ಎಂಬ ಪ್ರಾರ್ಥನೆಯಲ್ಲಿ
ದೊರೆ ಸತ್ತಾಗಲೆಲ್ಲ ಹೊಸ ಹೆಸರಿನ ಚೀಟಿ,
ಹಳೆಯದರ ಮೇಲೆ, ಮೈದಾ ಅಂಟಿನಲ್ಲಿ.
ಕಣ್ಣು ಮುಚ್ಚಿ ಬೆರಳಾಡಿಸಿ ನೋಡಿ,
ಆ ಒಂದು ಸಾಲು ಗಾಯದ ಹಕ್ಕಳೆಯಂತೆ ಎದ್ದು ನಿಂತಿದೆ.

ಆದರೆ ನಿಜ ಹೇಳುತ್ತೇನೆ, ಪುಸ್ತಕಕ್ಕಿಂತ
ಪುಸ್ತಕ ಕೊಡವಿದಾಗ ಬಿದ್ದದ್ದಕ್ಕೇ ನನ್ನ ಜೀವ.
ಕಟುಕನ ಬಿಲ್ಲು: ನಾಲಗೆ ಒಂದು, ಬಾಕಿ.
ಕುಣಿತದ ಟಿಕೆಟ್ಟು, ಹರಿಯದ್ದು.
ಮೇಣದ ಒಂದು ತೊಟ್ಟು.
ಹಬ್ಬದ ಆಸನದ ಚೀಟಿ: ಹೆಂಗಸರ ಉಪ್ಪರಿಗೆ,
ಮೂರನೇ ಸಾಲು, ಕಂಬದ ಹಿಂದೆ, ಅರ್ಧ ದರ.

ಅದೇ ಪುಸ್ತಕದೊಳಗಿಂದ ಮತ್ತೊಂದು ಜಾರಿತು.

ಉಪವಾಸದ ರಾತ್ರಿ ಲೇಖನಿ ಮುಟ್ಟುವಂತಿಲ್ಲ,
ಲೆಕ್ಕ ಬಿಟ್ಟರೆ ಮಾಡು ಸೋರುತ್ತದೆ.
ಅದಕ್ಕೇ ಈ ಕಾರ್ಡು: ಅಂಚಿನಲ್ಲಿ ನಾಲ್ಕು ಕಿವಿ,
ಒಂದು ಗಿನಿ, ಹತ್ತು ಶಿಲಿಂಗ್, ಐದು, ಎರಡೂವರೆ.
ಎಷ್ಟು ಕೊಡುತ್ತೀಯೋ ಆ ಕಿವಿ ಮಡಚು,
ಪಾರುಪತ್ಯಗಾರನ ಕೈಗೆ ಕೊಡು.

ಹೆಸರು: ಶ್ರೀಮತಿ ಯೆಟ್ಟಾ ಬ್ರಾಮ್ಸನ್.
ನಾಲ್ಕೂ ಕಿವಿ ಮಡಚಿತ್ತು.

"ಯೆಟ್ಟಾ?" ರಿಂಟೆಲ್ ಕನ್ನಡಕ ಹಣೆಗೇರಿಸಿದರು.
"ಗುಂಡಿ ಹೊಲಿಯುತ್ತಿದ್ದಳು, ಡಜನ್ ಲೆಕ್ಕ.
ಇಷ್ಟು ದುಡ್ಡು ಅವಳು ಕಂಡೇ ಇರಲಿಲ್ಲ."
ಆಮೇಲೆ, ನಿಧಾನವಾಗಿ,
"ಕೊಟ್ಟಿದ್ದರೆ ಕಾರ್ಡು ನಮ್ಮ ಕಚೇರಿಯಲ್ಲಿ ಇರಬೇಕಿತ್ತು."

ಮಡಚಿದಳು, ಕೊಡಲಿಲ್ಲ.
ಕಂಬದ ಹಿಂದೆ ಕೂತು, ಕೆಳಗೆ ಗಂಡಸರ ಟೋಪಿಗಳೂ ಕಾಣದೆ,
ಒಂದೊಂದೇ ಕಿವಿ ಹಿಂಡಿದಳು.
ಯಾರದ್ದು?
ಏನು ಕೇಳಿದಳು, ಅದು ಸಿಕ್ಕಿತೋ,
ಅಥವಾ ಮನೆಗೆ ನಡೆಯುತ್ತ ಹಸಿದ ಹೊಟ್ಟೆಯಲ್ಲಿ
ಲೆಕ್ಕ ನೆನಪಾಗಿ ಹೆದರಿದಳೋ.

ಮೂವತ್ತೆಂಟೂವರೆ ಶಿಲಿಂಗ್. ಈಗಿನ ಲೆಕ್ಕದಲ್ಲಿ
ಒಂದು ಪೌಂಡು ತೊಂಬತ್ತೆರಡೂವರೆ ಪೆನ್ನಿ.
ಜೇಬಿನಿಂದ ಎರಡು ಪೌಂಡು ತೆಗೆದು ರಿಂಟೆಲ್ ಅಂಗೈಗೆ ಹಾಕಿದೆ.
ಅವರು ನಗಲಿಲ್ಲ. ರಸೀದಿ ಪುಸ್ತಕ ಹುಡುಕಿ ಬರೆದರು,
ಬ್ರಾಮ್ಸನ್, ಸಂದಾಯವಾಗಿದೆ.
"ಅರ್ಧ ಪೆನ್ನಿ ಈಗ ಚಲಾವಣೆಯಲ್ಲಿಲ್ಲ," ಎಂದರು,
"ಚಿಲ್ಲರೆ ಹೇಗೆ ಕೊಡಲಿ?"

ಗುರುವಾರ ಗಾಳಿ ಜೋರಿತ್ತು. ಹತ್ತು ಜನ ಬೇಕಿದ್ದಲ್ಲಿ
ನಾವು ಆರು, ಮತ್ತು ಗುಂಡಿ ತೋಡಿದವನು.
ಪೆಟ್ಟಿಗೆಗಳು ಇಳಿದವು. ಯೆಟ್ಟಾಳ ಪುಸ್ತಕವೂ ಇಳಿಯಿತು.

ಕಾರ್ಡಿನಲ್ಲಿ ದೇವರ ಹೆಸರಿಲ್ಲ.
ಶಾಸ್ತ್ರದ ಪ್ರಕಾರ ಅದು ಬರೀ ಕಾಗದ,
ತಂದುಕೊಂಡೆ.

ಲೀಡ್ಸ್‌ನ ಮನೆಯಲ್ಲಿ, ತಂದದ್ದನ್ನೆಲ್ಲ
ಒದ್ದೆ ಬಟ್ಟೆ ಒತ್ತಿ, ಗಾಜಿನಡಿ ಇಟ್ಟು
ಸುಕ್ಕು ಬಿಡಿಸುವುದು ನನ್ನ ರೂಢಿ.
ಬಟ್ಟೆ ಹಿಂಡಿದೆ. ಕಾರ್ಡು ಮೇಜಿನ ಮೇಲಿಟ್ಟೆ.
ನಾಲ್ಕು ಕಿವಿ.
ದೀಪ ಆರಿಸಿ ಮಲಗಿದೆ.