ಮೂರನೇ ಹೆಣ

ಒಂಬತ್ತು ದಿನ ಓಡಿತ್ತು ಭದ್ರಾವತಿಯಲ್ಲಿ. ಹತ್ತನೇ ದಿನ
ಗೋಡೆಯ ಮೇಲಿದ್ದ ನನ್ನ ಹೆಣದ ಮೇಲೆ
ಯಾರದೋ ಮದುವೆಯ ಸಿನಿಮಾ ಅಂಟಿಸಿ ಹೋದರು.
ಅಂಟು ಒಣಗುವವರೆಗೂ ನನ್ನ ಒಂದು ಕಾಲು ಕಾಣುತ್ತಿತ್ತು.

ಮೂವತ್ತೇಳು ವರ್ಷ ಕಳೆದು ಈಗ
ತಂಗಿಯ ಮಗಳು ಇಂಚರಾ ಎಲ್ಲಿಂದಲೋ ಹುಡುಕಿ ತಂದಿದ್ದಾಳೆ,
ಮೊಬೈಲಿನಲ್ಲಿ. ಬಣ್ಣವೆಲ್ಲ ಕಾಮಾಲೆ,
ಮಾತು ತುಟಿಗಿಂತ ಅರೆಗಳಿಗೆ ಹಿಂದೆ.
ನೀರಿನ ಚೊಂಬಿಗೆ ಒರಗಿಸಿಟ್ಟು ನೋಡುತ್ತೇವೆ,
ಅವಳು ಅವರೆಕಾಯಿ ಸುಲಿಯುತ್ತ, ನಾನು ಕನ್ನಡಕ ಒರೆಸುತ್ತ.

ಕಥೆ ನಿಮಗೆ ಗೊತ್ತಿರಲಿಕ್ಕಿಲ್ಲ. ಯಾರಿಗೂ ಗೊತ್ತಿಲ್ಲ.
ಕಬ್ಬಿಣದ ಕಾರ್ಖಾನೆಯ ಊರು. ರಾತ್ರಿಪಾಳಿಗೆ ಸೈರನ್.
ಆ ಕೂಗು ನಿಲ್ಲುವುದರೊಳಗೆ ಒಂದು ಕೊಲೆ.
ಕೊಲೆಗಾರನಿಗೆ ವೆಲ್ಡಿಂಗಿನವರ ಮುಖವಾಡ,
ಕಣ್ಣಿರಬೇಕಾದಲ್ಲಿ ಎರಡಂಗುಲ ಕಪ್ಪು ಗಾಜು.
ಇನ್‌ಸ್ಪೆಕ್ಟರು ಸಿಗರೇಟು ಹಚ್ಚುತ್ತಾರೆ, ಮತ್ತೆ ಹಚ್ಚುತ್ತಾರೆ,
ಸೇದಿದ್ದನ್ನು ಕಂಡವರಿಲ್ಲ.

ಜನ್ನಾಪುರದ ಟೈಪಿಂಗ್ ಕ್ಲಾಸಿನಿಂದ ನನ್ನನ್ನು ಆರಿಸಿದ್ದು
ಸೈಕಲ್ ಹೊಡೆಯಲು ಬರುತ್ತದೆಂದು.
ಸಾಯಲು ಬರುತ್ತದೆಯಾ ಅಂತ ಯಾರೂ ಕೇಳಲಿಲ್ಲ.
ಹೆಸರುಗಳ ಸಾಲಿನಲ್ಲಿ ಕೊನೆಗೆ ಬರುತ್ತೇನೆ:
ಮೂರನೇ ಹೆಣ – ಕುಮಾರಿ ಸರ್ವಮಗಳಾ.
ಮಂಗಳದ ಸೊನ್ನೆ ಉದುರಿ ಹೋಗಿ
ಒಂಬತ್ತು ದಿನ ಊರಿಗೆಲ್ಲ ಮಗಳಾಗಿದ್ದೆ.

ರಕ್ತ ಅಂದರೆ ಕುಂಕುಮ, ಹರಳೆಣ್ಣೆ, ಬೆಲ್ಲದ ಪಾಕ.
ಚೀರಿದ್ದು ನಾನಲ್ಲ, ಮದ್ರಾಸಿನಲ್ಲಿ ಯಾರೋ ಹೆಂಗಸು;
ಆಕೆ ನನಗಿಂತ ಚೆನ್ನಾಗಿ ಹೆದರಿದ್ದಾಳೆ.
ಈಗ ನೋಡು, ಸತ್ತು ಬಿದ್ದಿದ್ದೇನಲ್ಲ,
ಬಲಗಾಲಿನ ಹೆಬ್ಬೆರಳು ಅಲುಗುತ್ತದೆ.
ಇಂಚರಾ ಬಿದ್ದು ಬಿದ್ದು ನಕ್ಕಳು.
ಬೆಲ್ಲಕ್ಕೆ ಇರುವೆ ಬಂದಿತ್ತು ಕಣೇ, ಅಂದೆ.

ಕಾಳು ಕೈಯಲ್ಲೇ ಉಳಿಯಿತು ಅವಳಿಗೆ.
“ದೊಡ್ಡಮ್ಮ, ಇಲ್ಲೇನೋ ತಪ್ಪಿದೆ.
ಕೊನೆಗೆ ಸಿಕ್ಕಿಬೀಳುವ ಡಾಕ್ಟರು
ಔಷಧದ ಚೀಟಿ ಬರೆಯುವುದು ಬಲಗೈಯಲ್ಲಿ.
ಮೊದಲ ಎರಡು ಕೊಲೆಯೂ ಬಲಗೈ.
ನಿಮ್ಮನ್ನು ಕೊಂದವನು ಎಡಚ.
ಅಂದರೆ ಇನ್ನೊಬ್ಬನಿದ್ದಾನೆ.”

ಇದ್ದ.
ಮುಖವಾಡದ ನಟನಿಗೆ ಆವತ್ತು ಜ್ವರ.
ಎತ್ತರದವನೊಬ್ಬ ಬೇಕಾಗಿತ್ತು, ಅಷ್ಟೆ;
ಕ್ಯಾಂಟೀನಿನಿಂದ ಚಹ ಹೊತ್ತು ತಂದಿದ್ದ ಆರೋಗ್ಯಸ್ವಾಮಿಯನ್ನು
ಹದಿನೈದು ರೂಪಾಯಿಗೆ ಕೊಲೆಗಾರ ಮಾಡಿದರು.
ತಗಡಿನ ಚಾಕು ನನ್ನ ಪಕ್ಕೆಗೆ ತಾಗಿ ಮಡಚಿಕೊಂಡಿತು.
“ಕಟ್” ಅಂದರು. ಲೈಟಿನವರು ಬೀಡಿಗೆ ಹೋದರು.
ಅವನು ಮಾತ್ರ ಮಂಡಿಯೂರಿದ್ದವನು ಏಳದೆ
ಮುಖವಾಡ ಎತ್ತಿ ಕೇಳಿದ್ದ: ನೋವಾಯ್ತಾ?

ಎಡಗೈಯಲ್ಲಿ ಕೊಟ್ಟದ್ದನ್ನು ತಗೋಬಾರದು ಅನ್ನುತ್ತಿದ್ದಳು ಅಮ್ಮ.
ಆಮೇಲೆ ಒಂದು ಇಡೀ ಬೇಸಿಗೆ
ಕ್ಲಾಸು ಮುಗಿಸಿ ಕ್ಯಾಂಟೀನಿನ ಕಿಟಕಿಯಲ್ಲಿ
ಎಡಗೈಯಿಂದಲೇ ಚಹ ತಗೊಂಡೆ. ಸಕ್ಕರೆ ಜಾಸ್ತಿ ಇರುತ್ತಿತ್ತು.
ಬೇರೆ ಏನೂ ನಡೆಯಲಿಲ್ಲ. ನಡೆದಿದ್ದರೆ
ಹೀಗೆ ಕೂತು ನಿಮಗೆ ಸಿನಿಮಾ ಕಥೆ ಹೇಳುತ್ತಿದ್ದೆನೇ?

“ಸ್ವಲ್ಪ ಹಿಂದಕ್ಕೆ ಹಾಕು,” ಅಂದೆ.
ಸೈರನ್ನು. ಚಾಕು. ಮದ್ರಾಸಿನ ಹೆಂಗಸು.
ಕ್ಯಾಮೆರಾದವನು ನಿಲ್ಲಿಸುವುದು ಒಂದು ಕ್ಷಣ ತಡವಾಗಿದೆ:
ಮುಖವಾಡದ ಅಂಚು ಮೇಲೇಳುತ್ತದೆ,
ಒಂದು ಗದ್ದ, ಕ್ಷೌರ ಮಾಡಿ ಎರಡು ದಿನವಾದದ್ದು.
ಅಲ್ಲಿಗೆ ಕತ್ತರಿ. ಮುಂದಿನದು ಪೊಲೀಸ್ ಠಾಣೆ.

“ಇನ್ನೊಂದ್ಸಲ?”
ಇನ್ನೊಂದ್ಸಲ.
ಗದ್ದ ಕಂಡದ್ದೇ ತಡ
ಕೆಳಗೆ, ಪರದೆಯ ಮೂಲೆಯಲ್ಲಿ, ಹೆಬ್ಬೆರಳು.

ಇರುವೆ ಅಂದಿದ್ದೆ ಇಂಚರಾಗೆ.
ಇರುವೆ ಬಂದದ್ದು ಮಾರನೇ ದಿನ.