ಪೆಟ್ರೋಲ್ ಚರ್ಚ್ ಸ್ಟಾಪು

ಕಂಡಕ್ಟರು ಕೂಗುತ್ತಾನೆ: ‘ಪೆಟ್ರೋಲ್ ಚರ್ಚ್, ಯಾರ್ರೀ ಇಳಿಯೋರು?’
ಹೊಸಬರು ಇಳಿದು ಬಂಕು ಹುಡುಕುತ್ತಾರೆ.
ಇಲ್ಲಿರುವುದು ಒಂದು ಹುಣಸೆಮರ, ಜೆರಾಕ್ಸ್ ಅಂಗಡಿ,
ಮತ್ತೆ ಸಿಮೆಂಟಿನ ಈ ಮಾತೆಯ ಗುಡಿ.
ಮಡಿಸಿಟ್ಟ ಕಾಗದದಂಥ ಸೂರು.
ಅರವತ್ತೆರಡರಿಂದ ಸೋರುತ್ತಿರುವುದು ಒಂದೇ ಮಡಿಕೆ.

ಯಾವ ವಿಮಾನವೂ ಬರಲಿಲ್ಲ ಕಣೇ,
ಅನ್ನುತ್ತಿದ್ದ ನನ್ನಜ್ಜ, ಉಪದೇಶಿ ಇನ್ನಾಸಪ್ಪ.
ಜಪಾನಿನವನು ಬರುತ್ತಾನೆಂದು ಕಿಟಕಿಗೆಲ್ಲ ಕರಿಬಟ್ಟೆ ಹೊಡೆದು
ಬತ್ತಿ ಸಣ್ಣ ಮಾಡಿ ಕೂತಿದ್ದೆವು.
ಬಂದದ್ದು ನಮ್ಮವರದೇ ಲಾರಿ
(ಆಗ ಯಾರು ನಮ್ಮವರೋ).
ಗೋಡೆಗಾನಿಸಿ ಪೀಪಾಯಿ ಜೋಡಿಸಿದರು,
ಎರಡೇ ದಿನಕ್ಕೆ ಸ್ವಾಮಿ, ಅಂದರು.
ಎರಡು ದಿನ ಎಂಟು ತಿಂಗಳಾಯಿತು.
ಆಮೇಲೊಂದು ಮಧ್ಯಾಹ್ನ ಯಾರದೋ ಬೀಡಿ.

ಇದನ್ನು ಯುದ್ಧದಲ್ಲಿ ಹೋದದ್ದೆಂದು ಬರೆಯಬೇಕೋ ಬೇಡವೋ
ಎಂದು ಗುಮಾಸ್ತ ಐದು ವರ್ಷ ಯೋಚಿಸಿದ.
ಅಜ್ಜನ ಅರ್ಜಿಯ ನಕಲು ನನ್ನ ಹತ್ತಿರವಿದೆ:
ಬೆಂಚು ಹನ್ನೊಂದು.
ಹಾರ್ಮೋನಿಯಂ ಒಂದು; ಎರಡು ಸ್ವರ ಮೊದಲೇ ಏಳುತ್ತಿರಲಿಲ್ಲ.
ಸಂತ ಅಂತೋಣಿ, ಮರದವನು, ಒಬ್ಬ.
ಗಂಟೆ ಒಂದು.

ಹೊಸದು ಕಟ್ಟುವಾಗ ಹೆಂಗಸರು ಒಂದೇ ಮಾತು ಹಿಡಿದರಂತೆ:
ಉರಿಯುವಂಥದ್ದು ಏನೂ ಬೇಡ.
ಎಂಜಿನಿಯರು ನಕ್ಕು, ಆಮೇಲೆ ನಗದೆ, ಬರೆದುಕೊಂಡ.
ಹೀಗಾಗಿ ಪೀಠ ಸಿಮೆಂಟು, ಶಿಲುಬೆ ಸಿಮೆಂಟು,
ಬೆಂಚು ಕೂಡ ಸಿಮೆಂಟು.
ಕ್ರಿಸ್ಮಸ್ ರಾತ್ರಿ ಪೂಜೆಗೆ
ನಾವು ಟವೆಲು ಮಡಿಚಿ ತರುತ್ತೇವೆ, ಕೆಳಗೆ ಹಾಕಿಕೊಳ್ಳಲು.
ಅಜ್ಜಿ ಲೂರ್ದಮ್ಮ ಸಾಯುವತನಕ ಇದನ್ನು ಟಾಕೀಸು ಎಂದಳು.
ಟಾಕೀಸಿಗೆ ಒಂದು ಭಾನುವಾರವೂ ತಪ್ಪಿಸಲಿಲ್ಲ.

ಗಂಟೆ ಕರಗಿ ಮುದ್ದೆಯಾಗಿತ್ತು.
ಗುಜರಿಯವನು ತೂಕಕ್ಕೆ ಕೇಳಿದ.
ಗಾರೆ ಕೆಲಸದ ಚೌರಪ್ಪ ಕೊಡಗೊಡಲಿಲ್ಲ,
ಏನು ಮಾಡಬೇಕೆಂದು ಅವನಿಗೂ ತಿಳಿಯಲಿಲ್ಲ.
ಅಂದಿನಿಂದ ದೊಡ್ಡ ಬಾಗಿಲಿಗೆ ಅದೇ ಒತ್ತು.

ಬೆಳಿಗ್ಗೆ ಐದೂವರೆಗೆ ಬೀಗ ತೆಗೆಯುವವಳು ನಾನು.
ಕಾಲಿನಿಂದ ಅದನ್ನು ಬಾಗಿಲ ಬುಡಕ್ಕೆ ನೂಕಿ,
ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇನೆ.
ಮೇಲೆ ಸ್ಪೀಕರಿನಲ್ಲಿ, ಯಾವ ಊರಿನದೋ,
ರೆಕಾರ್ಡಿನ ಗಂಟೆ ಶುರುವಾಗುತ್ತದೆ.

ಮೊನ್ನೆ ಪೀಠಬಾಲಕ ಹುಡುಗ, ಹೊಸಬ, ಕೇಳಿದ:
ಇದೇನು ಆಂಟಿ, ಕಲ್ಲಾ?
ಗಂಟೆ, ಅಂದೆ.
ಕುಕ್ಕರುಗಾಲಲ್ಲಿ ಕೂತು ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿದ.
ಕಿವಿ ಇಟ್ಟ.
ಪೂಜೆಗೆ ಹೊತ್ತಾಯಿತು ಏಳೋ, ಅಂದರೂ
ಇರಿ ಆಂಟಿ, ಅಂದ.