ಹದ

ರಾತ್ರಿ ಹನ್ನೊಂದೂಕಾಲು. ಮಿಲ್ವಾಕಿಯ ಚಳಿಗೆ
ಬಸ್ಸಿನ ಬಾಗಿಲೂ ಮುಲುಗುತ್ತ ತೆರೆಯುತ್ತದೆ.
ಎರಡೇ ಅಂಕಕ್ಕೆ ಸೋತವರು ಹತ್ತುತ್ತಾರೆ,
ಬಾಯಲ್ಲಿ ಹಬೆ, ಹಬೆಯೊಳಗೆ ಬೈಗುಳ.
ನಾನು ಚಾಲಕಿ. ನನಗೆ ಆಟವೆಂದರೆ
ನೆತ್ತಿಯ ಮೇಲಿನ ಕನ್ನಡಿಯಲ್ಲಿ
ಎಡಬಲ ಅದಲುಬದಲಾದ ಮುಖಗಳು;
ಗೆದ್ದರೋ ಸೋತರೋ
ಕಾರ್ಡು ತಟ್ಟುವ ಸದ್ದಿನಲ್ಲೇ ತಿಳಿಯುತ್ತದೆ.

ಇವತ್ತು ತಪ್ಪೆಲ್ಲ ಚೆಂಡಿನದು.
ಈ ಸಲ ಲೀಗಿನವರು ತೊಗಲು ಬಿಟ್ಟು
ಅದೆಂಥದೋ ನೂಲಿನ ಹೊದಿಕೆ ತೊಡಿಸಿದ್ದಾರಂತೆ.
"ಬೆವರು ಕುಡಿಯೋದಿಲ್ಲ ಅದು," ಅಂದ ಲಮಾಂಟ್ ಪ್ರೂಯಿಟ್,
"ಒದ್ದೆಯಾದರೆ ಸೋಪು, ಒಣಗಿದರೆ ಗರಗಸ.
ಬೆರಳಿಗೆಲ್ಲ ಪಟ್ಟಿ ಸುತ್ತಿಕೊಂಡು ಆಡಿದರಲ್ಲ, ನೋಡಲಿಲ್ವಾ?"
"ಹನ್ನೊಂದು ಫ್ರೀ ಥ್ರೋ ಬಿಟ್ಟರು!
ಕುಣಿಯಲಾರದವಳಿಗೆ ನೆಲ ಡೊಂಕು," ಎಂದಳು ಒತೀಲಿಯಾ,
ಆಸ್ಪತ್ರೆಯ ರಾತ್ರಿಪಾಳಿಗೆ ಹೊರಟವಳು,
ಆಟವನ್ನು ರೇಡಿಯೋದಲ್ಲಿ ಕೇಳಿದವಳು.
"ಎದುರಿನವರಿಗೂ ಅದೇ ಚೆಂಡಲ್ವಾ? ಅವರದ್ಯಾಕೆ ಬಿತ್ತು?"

ಉತ್ತರವಿಲ್ಲ. ಇಲ್ಲವೆಂದೇ ಗಲಾಟೆ ಹೆಚ್ಚಾಯಿತು.
ಹಿಂದಿನ ಸೀಟಿನಿಂದ ಮಾಯ್ ಶಿಯಾಂಗ್,
ಅಭ್ಯಾಸ ಮುಗಿಸಿ ಮನೆಗೆ ಹೊರಟ ಹೈಸ್ಕೂಲು ಹುಡುಗಿ:
"ನಾವು ಮೊದಲಿಂದಲೂ ಇಂಥದರಲ್ಲೇ ಆಡಿದ್ದು.
ಹಸು ಸಾಯಬೇಕಾಗಿಲ್ಲ. ಒಂದರ ಹಾಗೇ ಇನ್ನೊಂದಿರುತ್ತೆ."
"ಅದೇ ರೋಗ," ಎಂದಿತು ಕಿಟಕಿಯ ಪಕ್ಕದ ದನಿ.

ಕಾಜಿಮಿರ್ ವ್ರೋನಾ. ನದಿ ದಂಡೆಯಲ್ಲಿ
ತೊಗಲು ಹದಮಾಡುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ.
ಅದೀಗ ಫ್ಲ್ಯಾಟುಗಳಾಗಿದೆ, ಬಾಲ್ಕನಿಗೊಂದು ನಾಯಿ.
ಇವನ ಉಗುರಿನ ಬುಡದಲ್ಲಿ ಮಾತ್ರ ಇನ್ನೂ ಆ ಕಂದು.
"ಬೆನ್ನಿನ ತೊಗಲೇ ಬೇಕು. ಹೊಟ್ಟೆಯದು ಹಿಗ್ಗುತ್ತೆ.
ಮುಳ್ಳುತಂತಿ ಗೀರಿದ್ದು, ನೊಣ ಕಚ್ಚಿದ್ದು,
ಎಲ್ಲಾ ಬೆಳಕಿಗೆ ಹಿಡಿದು ಆರಿಸಿ ತೆಗೀತಿದ್ವಿ.
ಆದರೂ ಮೊದಲ ತಿಂಗಳು ಯಾರ ಮಾತೂ ಕೇಳೋದಿಲ್ಲ ಅದು.
ನಾವು ಕಳಿಸ್ತಿದ್ದದ್ದು ಅರ್ಧ ಹದ.
ಉಳಿದರ್ಧ ಆಡೋರ ಅಂಗೈಯದು."
ಚೀಲದಿಂದ ಹೊರಗೆ ಬಂತು,
ಗೇಟಿನವರೊಡನೆ ದಿನವೂ ಜಗಳಾಡಿ ಒಳಗೊಯ್ಯುವ ಹಳೆಯ ಚೆಂಡು,
ಪಾಕ ಮೀರಿ ಕಪ್ಪಾದ ಬೆಲ್ಲದ ಬಣ್ಣ.

ಮಾಯ್ ತನ್ನದನ್ನೂ ತೆಗೆದಳು.
ಕಣ್ಣು ಮುಚ್ಚಿ, ಮುಟ್ಟಿ ಹೇಳಬೇಕು. ಹೀಗೊಂದು ಪಂದ್ಯ.
ಲಮಾಂಟ್ ಎರಡು ಸಲವೂ ತಪ್ಪಿದ.
ಒತೀಲಿಯಾ ಮುಟ್ಟಲಿಲ್ಲ, ಮೂಸಿದಳು, ಸರಿ ಹೇಳಿದಳು;
ಮೋಸ, ಮೋಸ ಎಂದು ಬಸ್ಸೆಲ್ಲ ಕೂಗಿತು.
ಕಾಜಿಮಿರ್ ಸರದಿ.
ಚಾಚಿದ ಕೈ ಹಿಂದಕ್ಕೆಳೆದುಕೊಂಡ.
"ನನ್ನನ್ನ ಬಿಡಿ. ಸುಣ್ಣ, ಆಮ್ಲ...
ಬೆರಳ ತುದಿ ಸತ್ತು ಬಹಳ ಕಾಲವಾಯ್ತು.
ಕಾಫಿ ಲೋಟ ಸುಡುತ್ತಾ ಅಂತ
ತುಟಿಗೆ ಮುಟ್ಟಿಸಿಯೇ ನೋಡಬೇಕು."

ಯಾರೂ ಮಾತಾಡಲಿಲ್ಲ.
ಹಳದಿ ಕೆಂಪಾಯಿತು. ನಾನು ತುಸು ಜೋರಾಗಿಯೇ ಬ್ರೇಕೊತ್ತಿದೆ.
ಯಾರ ಮಡಿಲಿಂದ ಜಾರಿತೋ,
ನಡುದಾರಿಯಲ್ಲಿ ಒಂದು ಚೆಂಡು
ಬೂಟುಗಳಿಗೆ ತಾಗುತ್ತ, ದಾರಿ ಕೇಳುತ್ತ ಬಂದಂತೆ ಬಂದು
ನನ್ನ ಕಾಲಿಗೆ ಆನಿಕೊಂಡು ನಿಂತಿತು.

ಗ್ಲೌಸು ಬಿಚ್ಚಿ ಎತ್ತಿಕೊಂಡೆ.
ಇಪ್ಪತ್ತೆರಡು ವರ್ಷ ಸ್ಟೀರಿಂಗು ತಿರುಗಿಸಿದ ಕೈ ಇದು,
ಚೆಂಡು ಹಿಡಿದದ್ದು ಶಾಲೆಯಲ್ಲಿ, ಅದೂ ಒಲ್ಲದ ಮನಸ್ಸಿಂದ.
ಕತ್ತಲಲ್ಲಿ ತಣ್ಣಗೆ, ಸಣ್ಣ ಸಣ್ಣ ಗುಳ್ಳೆ,
ಚಳಿಗೆ ರೋಮ ನಿಮಿರಿದ ಬೆನ್ನಿನ ಹಾಗೆ.

"ಯಾವುದದು? ನೀನೇ ಹೇಳಮ್ಮ,
ನಿನಗೆ ಯಾವ ಪಕ್ಷವೂ ಇಲ್ಲ."

ಗೊತ್ತಾಗಿತ್ತು ನನಗೆ.
ಕನ್ನಡಿಯಲ್ಲಿ ಕಾಜಿಮಿರ್ ನನ್ನನ್ನೇ ನೋಡುತ್ತಿದ್ದ,
ಮಾಯ್ ಕೂಡ.
"ಚೆನ್ನಾಗಿ ಉರುಳುತ್ತೆ," ಎಂದೆ.
ಹಸಿರು ಬಿತ್ತು. ಮುಂದಿನ ಮೂರು ನಿಲ್ದಾಣ
ಅದನ್ನು ತೊಡೆಯ ಮೇಲಿಟ್ಟುಕೊಂಡೇ ಓಡಿಸಿದೆ.
ನಿಯಮಕ್ಕೆ ವಿರುದ್ಧ.
ಹಿಂದೆ ಜಗಳ ಮತ್ತೆ ಶುರುವಾಗಿತ್ತು.